ಕಪ್ಪು ಕಬ್ಬಿಣದ ಬಿಸಿ

ಬೆಳಿಗ್ಗೆ ಎಂಟು ಗಂಟೆ ಐವತ್ತೆರಡು ನಿಮಿಷಕ್ಕೆ ಕಮ್ಮಾರ ಕೈಗಡಿಯಾರ ಬಿಚ್ಚಿ ಹದಿನಾಲ್ಕನೇ ನಂಬರಿನ ಲಾಕರಿನಲ್ಲಿಟ್ಟ. ಪಕ್ಕದಲ್ಲಿ ಮೊಬೈಲು, ಅದರ ಮೇಲೆ ಮನೆಯ ಬೀಗದ ಕೈ, ಎಲ್ಲದರ ಮೇಲೆ ಅಚ್ಚುಕಟ್ಟಾಗಿ ಮಡಿಸಿದ ಪ್ಯಾಂಟು, ಷರಟು. ದಪ್ಪ ಹತ್ತಿಯ ತೋಳಿಲ್ಲದ ಅಂಗಿ ತೊಟ್ಟು, ಮೊಣಕಾಲು ಮುಟ್ಟುವ ಚರ್ಮದ ಏಪ್ರನ್ನು ಸೊಂಟಕ್ಕೆ ಬಿಗಿದುಕೊಂಡ. ಆ ಲಾಕರ್ ಕೋಣೆಗೆ ಎರಡು ಬಾಗಿಲು. ಒಂದು ವಾಹನ ನಿಲ್ಲಿಸುವ ಜಾಗಕ್ಕೆ ತೆರೆಯುತ್ತಿತ್ತು, ಇನ್ನೊಂದು ನೂರೈವತ್ತು ವರ್ಷ ಹಿಂದಕ್ಕೆ.

ಪಟ್ಟಣದ ಅಂಚಿನಲ್ಲಿ, ಮುಚ್ಚಿಹೋದ ಇಟ್ಟಿಗೆ ಗೂಡಿನ ಜಾಗದಲ್ಲಿ, ಒಂದು ಟ್ರಸ್ಟು ನೋಡುಗರಿಗಾಗಿ ಕಟ್ಟಿ ನಿಲ್ಲಿಸಿದ ಹಳೆಯ ಕಾಲದ ಹಳ್ಳಿ ಅದು. ಒಟ್ಟು ಇಪ್ಪತ್ತೆರಡು ಕಟ್ಟಡ. ಒಂಬತ್ತು ನಿಜಕ್ಕೂ ಹಳೆಯವು. ಬೇರೆ ಬೇರೆ ಕಡೆ ಬೀಳಲಿದ್ದವನ್ನು ಬಿಚ್ಚಿ, ಹಲಗೆ ಹಲಗೆಗೂ ನಂಬರು ಬರೆದು, ಲಾರಿಯಲ್ಲಿ ತಂದು ಮತ್ತೆ ಜೋಡಿಸಿದವು. ಉಳಿದ ಹದಿಮೂರು ಹೊಸವು, ಹಳೆಯವಂತೆ ನಟಿಸುತ್ತಿದ್ದವು. ಕೆಲಸಗಾರರೂ ಹಾಗೆಯೇ. ಗಿರಣಿಯವನು ಮೊದಲು ಬಸ್ ಕಂಡಕ್ಟರ್ ಆಗಿದ್ದವನು. ಕುಲುಮೆಯ ಪಕ್ಕದ ಮನೆಯಲ್ಲಿ ಮಗ್ಗ ನಡೆಸುವ ಹೆಂಗಸಿಗೆ ಮಾತ್ರ ನೇಯ್ಗೆ ಹುಟ್ಟಿನಿಂದ ಬಂದಿತ್ತು. ಎಲ್ಲರೂ ಅವಳನ್ನು ಮಗ್ಗದಕ್ಕ ಅನ್ನುತ್ತಿದ್ದರು.

ಕಮ್ಮಾರನನ್ನು ಕರೆಯುತ್ತಿದ್ದದ್ದು ಥರ್ಮಾಮೀಟರ್ ಎಂದು. ಹೆಸರು ಬಂದದ್ದು ಹಿಂದಿನ ಕೆಲಸದಿಂದ.

ಇಪ್ಪತ್ತೇಳು ವರ್ಷ ಅವನು ಗಿಯರು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಾಯಿಸುವ ವಿಭಾಗದಲ್ಲಿದ್ದ. ಗಿಯರಿನ ಹಲ್ಲು ಗಟ್ಟಿಯಾಗಬೇಕಾದರೆ ಅದನ್ನು ನಿಗದಿಯಾದ ಶಾಖಕ್ಕೆ ಕಾಯಿಸಿ, ನಿಗದಿಯಾದ ವೇಗದಲ್ಲಿ ತಣಿಸಬೇಕು. ಇಪ್ಪತ್ತು ಡಿಗ್ರಿ ಹೆಚ್ಚಾದರೆ ಹಲ್ಲು ಬಿರುಕು ಬಿಡುತ್ತದೆ, ಇಪ್ಪತ್ತು ಕಡಿಮೆಯಾದರೆ ಸವೆಯುತ್ತದೆ. ನಾಲ್ಕು ಒಲೆಗಳಿಗೂ ಮೀಟರು ಇತ್ತು. ಒಂದು ಸಲ ಮೂರನೇ ಒಲೆಯ ಮೀಟರು ಕೆಟ್ಟಾಗ ಅವನು ಇಣುಕು ತೂತಿಗೆ ಕಣ್ಣಿಟ್ಟು, "ಎಂಟುನೂರ ಮೂವತ್ತು" ಅಂದ. ಮೀಟರು ರಿಪೇರಿಯಾಗಿ ಬಂದ ಮೇಲೆ ಎಂಟುನೂರ ಇಪ್ಪತ್ತೇಳು ತೋರಿಸಿತು. "ಮೂರು ಡಿಗ್ರಿ ಮೀಟರಿನ ತಪ್ಪು" ಎಂದು ಅವನು ಚಹಾ ಕುಡಿಯಲು ಹೋದ. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ಬಣ್ಣ ನೋಡಿ ಶಾಖ ಹೇಳುವುದು ಅವನಿಗೆ ವಿದ್ಯೆ ಅನಿಸುತ್ತಿರಲಿಲ್ಲ. ದೂರದಿಂದ ನಡಿಗೆ ನೋಡಿ ತಮ್ಮ ಬರುತ್ತಿದ್ದಾನೆ ಅನ್ನುವ ಹಾಗೆ, ಅಷ್ಟೆ.

ಆಮೇಲೆ ಕಾರ್ಖಾನೆಯವರು ಗಿಯರುಗಳನ್ನು ಸಿದ್ಧವಾಗಿಯೇ ಹೊರಗಿನಿಂದ ತರಿಸತೊಡಗಿದರು. ಒಲೆಗಳು ಆರಿದವು. ಐವತ್ತೊಂದನೇ ವಯಸ್ಸಿನಲ್ಲಿ ಅವನು ಮನೆಗೆ ಬಂದ. ಹದಿನಾಲ್ಕು ತಿಂಗಳು ಮನೆಯಲ್ಲಿದ್ದ. ಅಷ್ಟರಲ್ಲಿ ಎಲ್ಲ ನಲ್ಲಿಗಳ ವಾಷರು ಬದಲಾಯಿತು, ಬಾಗಿಲುಗಳ ಕೀಲು ಎಣ್ಣೆ ಕುಡಿದು ಕುಡಿದು ನೆಲಕ್ಕೆ ಸುರಿಸಿದವು, ಮೂರು ಮಹಡಿಯ ನೆರೆಹೊರೆಯವರ ಸೈಕಲ್ಲುಗಳ ರಿಪೇರಿಯೂ ಮುಗಿಯಿತು. ಫ್ರಿಜ್ಜನ್ನು ಎರಡು ಸಲ ಬಿಚ್ಚಿದ. ಒಳಗಿನ ಶಾಖ ಎರಡು ಡಿಗ್ರಿ ಹೆಚ್ಚಿದೆ ಎಂದು ಅವನಿಗೆ ಅನುಮಾನ.

ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸದವಳು. ಅವಳೂ ಅಳತೆಯ ಮನುಷ್ಯಳೇ, ಆದರೆ ಅಳತೆಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದಳು. "ಮೂರನೇ ಸಲ ಫ್ರಿಜ್ ಬಿಚ್ಚಿದ್ರೆ ನಾನೇ ಅದರೊಳಗೆ ಹೋಗಿ ಕೂತ್ಕೋತೀನಿ," ಅಂದಳು. "ನಿನ್ನ ಕೈಗೆ ಬೆಂಕಿ ಬೇಕು ಪುಣ್ಯಾತ್ಮ. ಎಲ್ಲಾದ್ರೂ ಹೋಗಿ ಹಚ್ಚು, ಮನೆಗೆ ಮಾತ್ರ ಬೇಡ." ಕುಲುಮೆ ಬಲ್ಲವರು ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ಕತ್ತರಿಸಿ ತಂದವಳೂ ಅವಳೇ.

ಮೂರು ತಿಂಗಳು ಅವನು ಸುತ್ತಿಗೆ ಹಿಡಿಯುವುದನ್ನು ಕಲಿತ. ಕೈ ಹೊಸದು, ಕಣ್ಣು ಹಳೆಯದು. ತಿದಿ ಒತ್ತಿದಾಗ ಇದ್ದಿಲು ಉಸಿರೆಳೆದು ಕೆಂಪಾಗುವುದನ್ನು ಮೊದಲ ದಿನ ನೋಡಿ ಮನೆಗೆ ಬಂದವನು ಎರಡು ಚಪಾತಿ ಹೆಚ್ಚಿಗೆ ತಿಂದ. ಹೆಂಡತಿ ಮರುದಿನದಿಂದ ಹಿಟ್ಟೇ ಹೆಚ್ಚು ಕಲಸಿದಳು.

ಅಲ್ಲಿ ತೊಡಕು ಒಂದೇ. ಲಾಕರ್ ಕೋಣೆಯ ಎರಡನೇ ಬಾಗಿಲು ದಾಟಿದ ಮೇಲೆ ಆ ಕಾಲದ ಮನುಷ್ಯನಿಗೆ ಗೊತ್ತಿರದ ಮಾತನ್ನು ಆಡುವಂತಿರಲಿಲ್ಲ. ಆಡಿದರೆ ಅದಕ್ಕೆ ಕಾಲ ತಪ್ಪುವುದು ಅನ್ನುತ್ತಿದ್ದರು, ಮತ್ತು ಕಾಲ ತಪ್ಪಿದವನಿಗೆ ಚೀಟಿ ಬರುತ್ತಿತ್ತು. ಚೀಟಿ ಬರೆಯುವವಳು ಮೇಲ್ವಿಚಾರಕಿ. ಇತಿಹಾಸ ಓದಿದವಳು, ಮೂವತ್ತಮೂರು ವಯಸ್ಸು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಇತಿಹಾಸ' ಅನ್ನುತ್ತಿದ್ದರು: "ಬಂತು ನೋಡು ಇತಿಹಾಸ, ಸುಮ್ನಿರು." ಅವಳು ಬಿಗಿ, ಆದರೆ ವಂಚನೆಯಿಲ್ಲದವಳು. ಚೀಟಿಯ ನಮೂನೆ ಅವಳೇ ಮಾಡಿದ್ದು. ಅದರಲ್ಲಿ ಮೂರು ಅಂಕಣ: ಆಡಿದ ಮಾತು, ಸಂದರ್ಭ, ಬದಲಿಗೆ ಆಡಬಹುದಾಗಿದ್ದ ಮಾತು. ತಪ್ಪು ಹಿಡಿಯುವವರಿಗೆ ಸರಿ ಯಾವುದೆಂದು ಗೊತ್ತಿರಬೇಕು ಎಂಬುದು ಅವಳ ಲೆಕ್ಕ. ಮೂರನೇ ಅಂಕಣ ಖಾಲಿ ಇದ್ದರೆ ಅದು ಚೀಟಿಯೇ ಅಲ್ಲ ಎಂದು ಅವಳೇ ನಿಯಮ ಬರೆದಿದ್ದಳು.

ಕಮ್ಮಾರನ ಹೆಸರಿಗೆ ಆಗಲೇ ಎರಡು ಚೀಟಿಗಳಿದ್ದವು. ಮೊದಲನೆಯದು, ಬೆಂಕಿ ಮಂಕಾದಾಗ "ಬ್ಯಾಟರಿ ಖಾಲಿಯಾದ ಹಾಗೆ" ಅಂದದ್ದಕ್ಕೆ. ಮೂರನೇ ಅಂಕಣದಲ್ಲಿ ಅವಳು "ಎಣ್ಣೆ ತೀರಿದ ದೀಪದ ಹಾಗೆ" ಎಂದು ಬರೆದಿದ್ದಳು. ಅದು ತನ್ನದಕ್ಕಿಂತ ಒಳ್ಳೆಯ ಮಾತು ಎಂದು ಅವನೇ ಒಪ್ಪಿಕೊಂಡ. ಎರಡನೆಯದಕ್ಕೆ ಜಗಳವಾಯಿತು. ಕಬ್ಬಿಣವನ್ನು ಯಾವಾಗ ನೀರಿಗೆ ಅದ್ದಬೇಕು ಎಂದು ಯಾರೋ ಕೇಳಿದ್ದಕ್ಕೆ ಅವನು "ಏಳುನೂರ ಎಂಬತ್ತು ಡಿಗ್ರಿ" ಅಂದುಬಿಟ್ಟಿದ್ದ.

"ಥರ್ಮಾಮೀಟರ್ ಆಗಲೂ ಇತ್ತಲ್ಲ ಮೇಡಂ," ಅವನು ವಾದಿಸಿದ.

"ಇತ್ತು. ಡಾಕ್ಟರ ಹತ್ರ ಇತ್ತು, ಕಾಲೇಜಲ್ಲಿ ಇತ್ತು. ಈ ಕುಲುಮೇಲಿ ಇರಲಿಲ್ಲ." ಅವಳು ಮೂರನೇ ಅಂಕಣದಲ್ಲಿ "ದಾಳಿಂಬೆ ಬೀಜದ ಕೆಂಪು ಬಂದಾಗ" ಎಂದು ಬರೆದಳು. "ನೋಡಿ, ಇನ್ನೊಂದು ಚೀಟಿ ಆದ್ರೆ ನಿಮ್ಮನ್ನ ಕುಲುಮೆಯಿಂದ ತೆಗೀಬೇಕಾಗುತ್ತೆ. ನನಗೆ ಇಷ್ಟ ಇದ್ರೂ ಅಷ್ಟೆ, ಇಲ್ಲದಿದ್ರೂ ಅಷ್ಟೆ. ನಿಯಮ ಎಲ್ಲರಿಗೂ ಒಂದೇ."

ಕುಲುಮೆಯಿಂದ ತೆಗೆದರೆ ಹೋಗಬೇಕಾದದ್ದು ವಾಹನ ನಿಲ್ಲಿಸುವ ಜಾಗಕ್ಕೆ. ಸೀಟಿ ಊದುವ ಕೆಲಸ. ಸಂಬಳದಲ್ಲಿ ವ್ಯತ್ಯಾಸವಿರಲಿಲ್ಲ. ಬೆಂಕಿ ಇರುತ್ತಿರಲಿಲ್ಲ, ಅಷ್ಟೆ. ಆ ಹದಿನಾಲ್ಕು ತಿಂಗಳು ಹೇಗಿದ್ದವು ಎಂದು ಬಲ್ಲವನಿಗೆ ಆ 'ಅಷ್ಟೆ' ಸಣ್ಣದಲ್ಲ. ಹಾಗಾಗಿ ಏಳು ತಿಂಗಳಿಂದ ಅವನು ದಾಳಿಂಬೆ, ಕಿತ್ತಳೆ, ನಿಂಬೆಯಲ್ಲೇ ಮಾತಾಡುತ್ತಿದ್ದ. ಕುಲುಮೆಯೋ ಹಣ್ಣಿನಂಗಡಿಯೋ ಎಂದು ಮಗ್ಗದಕ್ಕ ನಗುತ್ತಿದ್ದಳು.

ಅಂದು ಬುಧವಾರ. ಮಂಗಳವಾರ ಹಳ್ಳಿಗೆ ರಜೆ. ಕುಲುಮೆಗೆ ಬಂದವನು ಮೊದಲು ನೀರಿನ ಬಕೆಟ್ಟು ನೋಡಿದ. ಎರಡು ವಾರದ ಹಿಂದೆ ಮೇಲ್ವಿಚಾರಕಿ ಅವನ ಕಬ್ಬಿಣದ ಟಬ್ಬನ್ನು ತೆಗೆಸಿ, ಹಲಗೆ ಜೋಡಿಸಿ ಪಟ್ಟಿ ಬಿಗಿದ ಮರದ ಬಕೆಟ್ಟು ಇಡಿಸಿದ್ದಳು. ಅಂಥ ಬಕೆಟ್ಟಿನಲ್ಲಿ ಸದಾ ನೀರಿರಬೇಕು. ಒಣಗಿದರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ. ಗುಡಿಸುವವಳು ಸೋಮವಾರ ಸಂಜೆ ಒಳ್ಳೆಯ ಮನಸ್ಸಿನಿಂದಲೇ ಅದನ್ನು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ಈಗ ಕಮ್ಮಾರ ಎರಡು ಕೊಡ ನೀರು ಸುರಿದ. ಬಕೆಟ್ಟು ಹನ್ನೆರಡು ಕಡೆಯಿಂದ ಸೋರಿ ಕಾಲು ತೊಳೆಯಿತು.

"ಮೇಡಂ, ಹಲಗೆ ನೆನೆದು ಉಬ್ಬೋಕೆ ಅರ್ಧ ದಿನ ಬೇಕು," ಅಂದ. "ಅಲ್ಲೀವರೆಗೆ ನನ್ನ ಟಬ್ಬು ಕೊಡಿ. ಕೊಕ್ಕೆ ತಣಿಸೋಕೆ ನೀರು ಬೇಕಲ್ಲ."

"ಅದರ ಮೇಲೆ ಕಂಪನಿ ಮುದ್ರೆ ಇದೆ. ಮಕ್ಕಳ ಕಣ್ಣು ಅದರ ಮೇಲೇ ಬೀಳುತ್ತೆ. ಇವತ್ತೊಂದು ದಿನ ಹಾಗೇ ತಣೀಲಿ ಬಿಡಿ."

ಪ್ರತಿ ಶಾಲೆಯ ಮಕ್ಕಳ ಮುಂದೆ ಅವನು ಬೆರಳು ದಪ್ಪದ ಸಲಾಕೆಯಿಂದ ಒಂದು ಬಟ್ಟೆಯ ಕೊಕ್ಕೆ ಮಾಡಿ, ನೀರಿಗೆ ಅದ್ದಿ ಚೊಂಯ್ ಅನ್ನಿಸಿ, ತಣ್ಣಗಾದದ್ದನ್ನು ಒರೆಸಿ ಮೇಷ್ಟರ ಕೈಗೆ ಕೊಡುತ್ತಿದ್ದ. ಅಂದು ನೀರಿಲ್ಲದ್ದರಿಂದ ಕೊಕ್ಕೆಯನ್ನು, ಮಕ್ಕಳು ದಾಟದಂತೆ ಕಟ್ಟಿದ ಹಗ್ಗದ ಬಳಿಯ ಕಲ್ಲುಚಪ್ಪಡಿಯ ಮೇಲಿಟ್ಟು ಕಾಯಬೇಕಿತ್ತು. ಅವನು ಒಪ್ಪಿಕೊಂಡ. ಕಾಲ ತಪ್ಪಬಾರದೆಂಬ ಯೋಚನೆ ತಲೆಯಲ್ಲಿ ತುಂಬಿದ್ದಾಗ ಬೇರೆ ಯೋಚನೆಗೆ ಜಾಗ ಕಡಿಮೆ.

ಹತ್ತೂವರೆಗೆ ಬಸ್ಸಿನ ಹಾರ್ನು ಕೇಳಿತು. ಮಗ್ಗದಕ್ಕ ತಗ್ಗು ಗೋಡೆಯ ಮೇಲಿಂದ ಇಣುಕಿದಳು. "ಏನು ಥರ್ಮಾಮೀಟ್ರೇ, ಬಾಯಿಗೆ ಬೀಗ ಹಾಕಿಕೊಂಡೆಯಾ? ಮೂರನೇ ಕ್ಲಾಸು, ಮೂವತ್ತೆಂಟು ಮಕ್ಕಳು. ಎಲ್ಲರ ಕೈಯೂ ಕಡೀತಾ ಇದೆ. ಇತಿಹಾಸವೂ ಚೀಟಿ ಪುಸ್ತಕ ಹಿಡ್ಕೊಂಡು ಹಿಂದೇನೇ ಬರ್ತಿದೆ."

"ನಿನ್ನ ನೂಲು ನೋಡ್ಕೋ ತಾಯಿ. ನನ್ನ ಬಾಯಿ ನಾನು ನೋಡ್ಕೋತೀನಿ."

"ನೂಲು ತುಂಡಾದ್ರೆ ಗಂಟು ಹಾಕಬಹುದಪ್ಪ. ಬಾಯಿಗೆ ಹಾಕೋಕಾಗಲ್ಲ."

ಮಕ್ಕಳು ಮೊದಲು ಗಿರಣಿಗೆ ಹೋದರು. ಅಲ್ಲಿ ಹಳೆಯ ಕಂಡಕ್ಟರು, "ಚಕ್ರ ಮುಟ್ಟಬೇಡಿ, ಕೈ ಸಿಕ್ಕಿಕೊಳ್ಳುತ್ತೆ" ಎಂದ. ಚಕ್ರ ನಿಂತೇ ಇತ್ತು. ದುರಸ್ತಿಗೆಂದು ಅದನ್ನು ಹದಿನೈದು ದಿನದಿಂದ ಸರಪಳಿ ಹಾಕಿ ಬಿಗಿದಿದ್ದರು. ಅಚ್ಚುಕೂಟದಲ್ಲಿ ಮಸಿ ಮುಟ್ಟಬೇಡಿ ಅಂದರು, ಮಸಿ ಒಣಗಿತ್ತು. ಮಗ್ಗದಕ್ಕ ನೂಲು ಮುಟ್ಟಬೇಡಿ ಅಂದಳು. ಮೇಷ್ಟ್ರು ಎಲ್ಲ ಕಡೆಯೂ, ಯಾರಾದರೂ ಹೇಳುವ ಮೊದಲೂ, ಹೇಳಿದ ಮೇಲೂ, ಮುಟ್ಟಬೇಡಿ ಅನ್ನುತ್ತಿದ್ದರು. ದುಂಡು ಕನ್ನಡಕದ ಒಬ್ಬ ಹುಡುಗಿ ಇದನ್ನು ನೋಟುಪುಸ್ತಕದಲ್ಲಿ ಗೀಟು ಹಾಕಿ ಎಣಿಸುತ್ತಿದ್ದಳು. ಕುಲುಮೆ ತಲುಪುವ ಹೊತ್ತಿಗೆ ಅವಳ ಗೀಟು ಹತ್ತೊಂಬತ್ತಾಗಿತ್ತು. ಅಷ್ಟರಲ್ಲಿ ಅವಳು ಚಕ್ರವನ್ನೂ ಮಸಿಯನ್ನೂ ನೂಲನ್ನೂ ಮುಟ್ಟಿ ನೋಡಿಯಾಗಿತ್ತು. ಏನೂ ಆಗಿರಲಿಲ್ಲ.

ಕುಲುಮೆಯೊಳಗೆ ಮಬ್ಬು. ಬೆಂಕಿಯ ಬಣ್ಣ ಕಾಣಲಿ ಎಂದು ಕಿಟಕಿಗಳನ್ನು ಚಿಕ್ಕದಾಗಿಯೇ ಇಡುತ್ತಾರೆ. ಮಕ್ಕಳು ಹಗ್ಗದ ಆಚೆ ಅರ್ಧಚಂದ್ರದಂತೆ ನಿಂತರು. ಮೇಲ್ವಿಚಾರಕಿ ಬಾಗಿಲ ಬಳಿ ಒರಗಿದಳು. ಕಮ್ಮಾರ ಸಲಾಕೆಯನ್ನು ಇದ್ದಿಲೊಳಗೆ ತೂರಿಸಿ ತಿದಿ ಒತ್ತಿದ.

"ನೋಡ್ರಪ್ಪ, ಕಬ್ಬಿಣಕ್ಕೆ ಬಾಯಿಲ್ಲ. ತನಗೆ ಎಷ್ಟು ಬಿಸಿ ಅಂತ ಅದು ಬಣ್ಣದಲ್ಲೇ ಹೇಳೋದು. ಈಗ ಹೊರಗೆ ತೆಗೀತೀನಿ. ಏನು ಬಣ್ಣ?"

"ಕೆಂಪು!"

"ಯಾವ ಕೆಂಪು?"

"ಸ್ಕೂಲ್ ಬಸ್ಸಿನ ಲೈಟು!" ಎಂದ ಒಬ್ಬ.

ಕಮ್ಮಾರ ಬಾಗಿಲ ಕಡೆ ನೋಡಿದ. "ಅದೆಲ್ಲ ನನಗೆ ಗೊತ್ತಿಲ್ಲಪ್ಪ. ನನಗಿದು ದಾಳಿಂಬೆ ಬೀಜದ ಕೆಂಪು. ಇನ್ನೂ ಕಾಯಿಸಿದ್ರೆ ಕಿತ್ತಳೆ. ಅದಕ್ಕೂ ಮೇಲೆ ನಿಂಬೆಹಣ್ಣು. ಕೆಂಪಿಗಿಂತ ಕಿತ್ತಳೆ ಬಿಸಿ, ಕಿತ್ತಳೆಗಿಂತ ನಿಂಬೆ ಬಿಸಿ. ತಿಳೀತಾ?"

ಬಡಿಯತೊಡಗಿದ. ಕಿಡಿ ಹಾರಿದಾಗಲೆಲ್ಲ ಮೂವತ್ತೆಂಟು ಬಾಯಿಂದ ಒಂದೇ ಓ ಬರುತ್ತಿತ್ತು. ತುದಿ ಚೂಪಾಯಿತು, ಬಾಗಿತು, ಕೊಕ್ಕೆಯ ಆಕಾರಕ್ಕೆ ಬಂತು. ಸಲಾಕೆಯಿಂದ ಅದನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಚಪ್ಪಡಿಯ ಮೇಲಿಟ್ಟ. ಮಬ್ಬಿನಲ್ಲಿ ಅದು ಕಿತ್ತಳೆಯಿಂದ ಕೆಂಪಿಗೆ, ಕೆಂಪಿನಿಂದ ಮಾಸಲು ಕೆಂಪಿಗೆ ಇಳಿದು, ಒಂದೂವರೆ ನಿಮಿಷದಲ್ಲಿ ಕಪ್ಪಾಯಿತು.

"ಅಂಕಲ್, ಬಣ್ಣ ನೋಡಿದ್ರೆ ಬಿಸಿ ಗೊತ್ತಾಗುತ್ತೆ ಅಲ್ವಾ?" ಕನ್ನಡಕದ ಹುಡುಗಿ ಕೇಳಿದಳು.

"ಹೂಂ." ಅವನು ಎರಡನೇ ಸಲಾಕೆಗೆ ಇದ್ದಿಲು ಸರಿಸುತ್ತಿದ್ದ.

"ಹಾಗಾದ್ರೆ ಬಣ್ಣ ಹೋದ್ರೆ ಬಿಸೀನೂ ಹೋಯ್ತು?"

"ಹೂಂ ಹೂಂ," ಅಂದ. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಆಗ ಅವನ ತಲೆ ನಿಂಬೆಗಿಂತ ಮೇಲಿನ ಬಿಳಿಗೆ ಆ ಕಾಲದ ಯಾವ ಹಣ್ಣನ್ನು ಹೇಳುವುದು ಎಂದು ಹುಡುಕುತ್ತಿತ್ತು.

ಕಬ್ಬಿಣದ ಕೆಲಸದವರೆಲ್ಲ ಬಲ್ಲ ಒಂದು ಸಂಗತಿ ಇದೆ. ಕೆಂಪು ಕಬ್ಬಿಣಕ್ಕಿಂತ ಕಪ್ಪು ಕಬ್ಬಿಣ ಹೆಚ್ಚು ಜನರ ಕೈ ಸುಟ್ಟಿದೆ. ಕೆಂಪನ್ನು ಯಾರೂ ಮುಟ್ಟುವುದಿಲ್ಲ. ಮಬ್ಬಿನಲ್ಲಿ ಸುಮಾರು ಐನೂರು ಡಿಗ್ರಿಗೆ ಇಳಿದಾಗ ಹೊಳಪು ಕಣ್ಣಿಗೆ ಕಾಣದಾಗುತ್ತದೆ. ಅಲ್ಲಿಂದ ಕೈಗೆ ಹಿತವಾಗುವವರೆಗೆ ಇನ್ನೂ ನಾನೂರೈವತ್ತು ಡಿಗ್ರಿ ಇಳಿಯಬೇಕು, ಮತ್ತು ಆ ದಾರಿಯುದ್ದಕ್ಕೂ ಕಬ್ಬಿಣ ತಣ್ಣಗಿರುವ ಕಬ್ಬಿಣದಂತೆಯೇ ಕಾಣುತ್ತದೆ. ಕಾರ್ಖಾನೆಯಲ್ಲಿ ಹೊಸಬರಿಗೆ ಅವನು ಮೊದಲ ದಿನವೇ ಹೇಳುತ್ತಿದ್ದ ಪಾಠ ಇದು. ಇಲ್ಲಿ ಕೊಕ್ಕೆ ಯಾವಾಗಲೂ ನೀರಿಗೆ ಹೋಗುತ್ತಿದ್ದುದರಿಂದ ಹೇಳುವ ಪ್ರಸಂಗ ಬಂದಿರಲಿಲ್ಲ.

ಇದ್ದಿಲು ಸರಿಸಿ ತಿರುಗಿದಾಗ ಹುಡುಗಿ ಹಗ್ಗದ ಕೆಳಗೆ ತೋಳು ತೂರಿಸಿದ್ದಳು. ತೋರುಬೆರಳು ಕೊಕ್ಕೆಯಿಂದ ಒಂದು ಗೇಣು ದೂರದಲ್ಲಿತ್ತು, ಮುಂದೆ ಹೋಗುತ್ತಿತ್ತು. ಕೊಕ್ಕೆ ಚಪ್ಪಡಿಗೆ ಬಂದು ಮೂರು ನಿಮಿಷವಾಗಿತ್ತು.

"ಮುಟ್ಟಬೇಡ!" ಅವನು ಕೂಗಿದ.

ಅದು ಇಪ್ಪತ್ತನೆಯದು. ಹುಡುಗಿ ಬೆರಳು ನಿಲ್ಲಿಸದೆ, ಸಮಾಧಾನವಾಗಿ ತಲೆಯೆತ್ತಿ, "ಕಪ್ಪಾಗಿದೆಯಲ್ಲಾ," ಅಂದಳು.

ಇಕ್ಕಳ ಅವನ ಕೈಯಲ್ಲಿತ್ತು, ನಡುವೆ ಕಬ್ಬಿಣ ಬಡಿಯುವ ಅಡಿಗಲ್ಲು. ಹಾರಿ ಹೋದರೂ ಕೈ ತಲುಪುತ್ತಿರಲಿಲ್ಲ. ಬಾಯಿ ಮಾತ್ರ ತಲುಪುತ್ತಿತ್ತು. ಬಾಗಿಲಲ್ಲಿ ಮೇಲ್ವಿಚಾರಕಿ ನಿಂತಿರುವುದು ಅವನಿಗೆ ಗೊತ್ತಿತ್ತು. ಅವನು ಕೊಕ್ಕೆಯ ದಪ್ಪ, ಅದು ಕಪ್ಪಾಗಿ ಕಳೆದ ಹೊತ್ತು ಎರಡನ್ನೂ ಒಂದೇ ನೋಟಕ್ಕೆ ಅಂದಾಜಿಸಿ, ತನಗೆ ಹೊಳೆದದ್ದನ್ನು ಇಡೀ ಕುಲುಮೆ ನಡುಗುವಂತೆ ಕೂಗಿದ.

ಬೆರಳು ಹಿಂದಕ್ಕೆ ಚಿಮ್ಮಿತು. ಹುಡುಗಿ ಅದನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು, ಸುಟ್ಟೇ ಹೋಗಿದ್ದರೆ ಹಿಡಿಯುವ ಹಾಗೆ. ಸುಟ್ಟಿರಲಿಲ್ಲ. ಮೇಷ್ಟ್ರು ಓಡಿ ಬಂದು ಅವಳನ್ನು ಹಿಂದಕ್ಕೆಳೆದು, ಹತ್ತೂ ಬೆರಳನ್ನು ಎರಡು ಸಲ ಎಣಿಸಿದರು.

ಹೋದ ವಾರವಷ್ಟೇ ಮೇಷ್ಟ್ರು ತರಗತಿಯಲ್ಲಿ ಸ್ಟೌ ಹಚ್ಚಿ, ಥರ್ಮಾಮೀಟರು ಇಳಿಬಿಟ್ಟು, ನೀರು ಕುದಿಯುವುದು ನೂರು ಡಿಗ್ರಿಗೆ ಎಂದು ತೋರಿಸಿದ್ದರು. ಮುಟ್ಟಬೇಡ ಎಂಬುದನ್ನು ಹುಡುಗಿ ಪರೀಕ್ಷಿಸಿ ಸುಳ್ಳೆಂದು ಕಂಡುಕೊಂಡಿದ್ದಳು. ನೂರು ಎಂಬುದನ್ನು ಕಣ್ಣಾರೆ ನೋಡಿದ್ದಳು.

"ಅಷ್ಟಿದೆಯಾ?" ಅವಳು ಕೇಳಿದಳು. "ಕುದಿಯೋ ನೀರಿಗಿಂತ ನಾಲ್ಕು ಪಟ್ಟು?" ಶಾಖವನ್ನು ಹಾಗೆ ಪಟ್ಟು ಹಾಕುವುದು ತಪ್ಪು, ಆದರೆ ಬೆರಳಿನ ಲೆಕ್ಕಕ್ಕೆ ಸಾಕು.

"ಅಷ್ಟಿದೆ ಪುಟ್ಟಿ."

"ನಿಮಗೆ ಹೇಗೆ ಗೊತ್ತು? ನೀವು ಹಳೇ ಕಾಲದವರಲ್ವಾ? ಹಳೇ ಕಾಲದವರಿಗೆ ಡಿಗ್ರಿ ಗೊತ್ತಿಲ್ಲ ಅಂತ ಆ ಮೇಡಂ ಗೇಟಲ್ಲೇ ಹೇಳಿದ್ರು."

ಮೂವತ್ತೆಂಟು ಮುಖಗಳೂ ಬಾಗಿಲ ಕಡೆ ತಿರುಗಿದವು, ಮತ್ತೆ ಇವನ ಕಡೆ. ಮೇಲ್ವಿಚಾರಕಿಯ ಪೆನ್ಸಿಲ್ ಕಿವಿಯಿಂದ ಕೈಗೆ ಬಂದಿತ್ತು.

"ನಾನು ಆ ಕಾಲದಲ್ಲಿ ಕೆಲಸ ಮಾಡ್ತೀನಿ, ಅಷ್ಟೆ," ಅಂದ ಕಮ್ಮಾರ. "ಮನೆ ಈ ಕಾಲದಲ್ಲೇ ಇದೆ." ಹೇಗೂ ಹೋಯಿತು, ಇನ್ನು ಮುಚ್ಚಿಟ್ಟು ಏನು ಎಂದು ನೆಲದಿಂದ ಒಂದು ಹಿಡಿ ಮರದ ಹೊಟ್ಟು ಎತ್ತಿ ಕಪ್ಪು ಕೊಕ್ಕೆಯ ಮೇಲೆ ಉದುರಿಸಿದ. ಹೊಟ್ಟು ಮೊದಲು ಕಂದಾಯಿತು, ಆಮೇಲೆ ನೀಲಿ ಹೊಗೆ ಎದ್ದಿತು, ಅಂಚುಗಳು ಕರಿಕಾದವು. ಮಕ್ಕಳು ಈ ಸಲ ಓ ಅನ್ನಲಿಲ್ಲ. "ನಾನು ಅರ್ಧ ಪಾಠ ಹೇಳಿದ್ದೆ. ಇದು ಇನ್ನರ್ಧ. ಬಣ್ಣ ಇದ್ರೆ ಬಿಸಿ ಇದ್ದೇ ಇದೆ. ಬಣ್ಣ ಇಲ್ಲ ಅಂದ್ರೆ ಬಿಸಿ ಇಲ್ಲ ಅಂತ ಅಲ್ಲ. ಆ ಹುಡುಗಿ ನನ್ನ ಕೇಳಿದ್ಲು, ನಾನು ಹೂಂ ಅಂದೆ. ತಪ್ಪು ನನ್ನದು."

ಹುಡುಗಿ ನೋಟುಪುಸ್ತಕ ತೆರೆದು ಹತ್ತೊಂಬತ್ತು ಗೀಟಿನ ಪಕ್ಕ ಇನ್ನೊಂದು ಗೀಟು ಹಾಕಿದಳು. ಅದಕ್ಕೆ ಮಾತ್ರ ಸುತ್ತ ಒಂದು ವೃತ್ತ ಎಳೆದಳು.

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಅವನು ಈ ಕಾಲಕ್ಕೆ ಮರಳಿ, ಗಡಿಯಾರ ಕಟ್ಟಿಕೊಂಡು, ಮೇಲ್ವಿಚಾರಕಿಯ ಕೋಣೆಗೆ ಹೋದ. ಕರೆದಿರಲಿಲ್ಲ. ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ನಂಬರು ಬರೆದ ಒಂದು ಒಡೆದ ಹಲಗೆ. ಮೇಜಿನ ಮೇಲೆ ಚೀಟಿ ಸಿದ್ಧವಿತ್ತು. ಎರಡು ಅಂಕಣ ತುಂಬಿದ್ದವು.

"ಕೂತ್ಕೊಳ್ಳಿ," ಅಂದಳು. "ಬಕೆಟ್ಟು ನನ್ನ ತಪ್ಪು. ಅದನ್ನ ಬೇರೆ ಬರೆದು ಟ್ರಸ್ಟಿಗೆ ಕೊಟ್ಟಿದೀನಿ. ನಾಳೆ ನಿಮ್ಮ ಟಬ್ಬು ಬರುತ್ತೆ, ಮುದ್ರೆ ಗೋಡೆ ಕಡೆ ತಿರುಗಿಸಿ ಇಡಿ. ಆದ್ರೆ ಕಾಲ ತಪ್ಪಿದ್ದು ತಪ್ಪಿದ್ದೇ. ಇದು ಮೂರನೇದು."

"ಬರೀರಿ ಮೇಡಂ. ಆದ್ರೆ ನನ್ನ ನಿಜವಾದ ತಪ್ಪು ಅದಲ್ಲ. ಆ 'ಹೂಂ' ಇದೆಯಲ್ಲ, ಅದು."

"'ಹೂಂ' ಆ ಕಾಲದಲ್ಲೂ ಇತ್ತು. ಅದಕ್ಕೆ ಚೀಟಿ ಬರೆಯೋಕೆ ಬರಲ್ಲ."

ಅವಳು ಮೂರನೇ ಅಂಕಣದ ಮೇಲೆ ಪೆನ್ಸಿಲ್ ಇಟ್ಟಳು. "ಬದಲಿಗೆ ಏನು ಅನ್ನಬಹುದಿತ್ತು? 'ಮುಟ್ಟಬೇಡ.'"

"ಅಂದೆ. ಕೆಲಸ ಮಾಡಲಿಲ್ಲ."

"'ಸುಡುತ್ತೆ.'"

ಅವನು ನಿಜವಾಗಿಯೂ ಯೋಚಿಸಿದ. ತನ್ನ ಕುಲುಮೆ ಹೋಗುವ ಮಾತು ಎಂಬುದನ್ನು ಮರೆತು, ಯಾವುದೋ ಗಿಯರಿನ ಲೆಕ್ಕದಂತೆ ಯೋಚಿಸಿದ. "ಗಿರಣೀಲಿ ಕೈ ಸಿಕ್ಕಿಕೊಳ್ಳುತ್ತೆ ಅಂದಿದ್ರು. ಅವಳು ಮುಟ್ಟಿ ನೋಡಿದ್ಲಂತೆ. ಸುಡುತ್ತೆ ಅಂದಿದ್ರೆ ಅದನ್ನೂ ಮುಟ್ಟಿ ನೋಡೋಳು. ಕಪ್ಪಾಗಿದೆಯಲ್ಲ ಅಂತ ಕಾರಣ ಬೇರೆ ಇಟ್ಕೊಂಡಿದ್ಲು. ಆ ಕಾರಣ ಮುರಿಯೋ ಮಾತು ಬೇಕು."

"'ಕಪ್ಪಗಿದ್ರೂ ಒಳಗೆ ಕೆಂಡದಷ್ಟೇ ಬಿಸಿ ಇದೆ ಮಗೂ.' ಇದು ಆ ಕಾಲದ ಮಾತೇ."

"ಒಳ್ಳೇ ಮಾತು. ಇನ್ನೊಂದ್ಸಲ ಹೇಳಿ." ಅವನು ಗಡಿಯಾರದ ಸೆಕೆಂಡಿನ ಮುಳ್ಳು ನೋಡಿದ. ಅವಳು ಹೇಳಿದಳು. "ಎರಡೂಮುಕ್ಕಾಲು ಸೆಕೆಂಡು. ಬೆರಳು ಒಂದು ಗೇಣು ದೂರ ಇತ್ತು. ಅದಕ್ಕೆ ಬೇಕಾಗಿದ್ದು ಒಂದೂವರೆ."

ಅವಳು ಹಲ್ಲು ಕಚ್ಚಿದಳು. ಇತಿಹಾಸ ಓದಿದವರಿಗೆ ಸೋಲು ಹೊಸದಲ್ಲ, ಆದರೂ. "'ಕುದಿಯೋ ನೀರಿಗಿಂತ ಬಿಸಿ.'"

"ಒಂದೂಮುಕ್ಕಾಲು."

"ಬೇಗ ಹೇಳಿದ್ರೆ?"

"ಹೇಳಿ." ಹೇಳಿದಳು. "ಒಂದೂವರೆ. ಆದ್ರೆ ಬೇಗ ಹೇಳಿದ್ರೆ ಅರ್ಥ ಆಗಲ್ಲ, ಮೇಡಂ. ಮೊದಲನೇ ಪದಕ್ಕೇ ಕೈ ನಿಲ್ಲಬೇಕು."

"ನೀವು ಕೂಗಿದ್ದಕ್ಕೆ ಎಷ್ಟು ಹಿಡೀತು?"

ಅವನು ಮೆಲ್ಲಗೆ, ಕೂಗದೆ ಹೇಳಿ ನೋಡಿದ. "ಒಂದು ಸೆಕೆಂಡು, ಚೂರು ಮೇಲೆ. ಮೊದಲನೇ ಪದಕ್ಕೇ ನಿಂತ್ಲು."

ಐದೂಕಾಲಿನವರೆಗೆ ಹನ್ನೊಂದು ಮಾತು ಅಳೆದರು. ಕಡೆಗೆ ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದಳು. "ನನಗೆ ತೋಚ್ತಾ ಇಲ್ಲ. ಖಾಲಿ ಬಿಟ್ಟು ಸಹಿ ಹಾಕಲ್ಲ. ಸುಮ್ನೆ ಏನೋ ತುಂಬಿಸೋದೂ ಇಲ್ಲ. ಯೋಚನೆ ಮಾಡ್ತೀನಿ. ತೋಚಿದ ದಿನ ತುಂಬಿಸ್ತೀನಿ, ಅವತ್ತು ನೀವು ಸೀಟಿ ಹಿಡೀಬೇಕು."

"ಆಗಲಿ ಮೇಡಂ."

"ಹೊಟ್ಟಿನ ಪಾಠ ಮಾತ್ರ ನಾಳೆಯಿಂದ ಎಲ್ಲ ಶಾಲೆಗೂ ಮೊದಲೇ ಆಗಬೇಕು. ಅದು ಆ ಕಾಲಕ್ಕೂ ಸಲ್ಲುತ್ತೆ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡಳು. ಮಗುವಿನ ಬೆರಳು ಉಳಿಯಿತೆಂದು ಉಸಿರು ಬಿಟ್ಟು, ಆಮೇಲೆ ತಟ್ಟೆಗೆ ಮೂರನೇ ಚಪಾತಿ ಹಾಕುತ್ತ, "ಅಲ್ಲ, ಆ ಹೊತ್ತಲ್ಲೂ ನಿನಗೆ ಆ ಹತ್ತು ಬೇಕಿತ್ತಾ? ಬರೀ ನೂರರ ಲೆಕ್ಕದಲ್ಲಿ ಕೂಗಿದ್ರೆ ಆಗ್ತಿರಲಿಲ್ವಾ?" ಅಂದಳು.

"ಇತ್ತಲ್ಲ," ಅಂದ ಅವನು.

ಇದಾಗಿ ಆರು ವರ್ಷ. ಅವನು ಈಗಲೂ ಕುಲುಮೆಯಲ್ಲೇ ಇದ್ದಾನೆ. ಟಬ್ಬಿನ ಮುದ್ರೆ ಗೋಡೆ ನೋಡುತ್ತಿದೆ. ಮೇಲ್ವಿಚಾರಕಿ ಯೋಚನೆ ಬಿಟ್ಟಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಮಕ್ಕಳಿಲ್ಲದ ಹೊತ್ತು ನೋಡಿ ಕುಲುಮೆಗೆ ಬಂದು, "ಇದು ಹೇಗೆ?" ಎಂದು ಒಂದು ಮಾತು ಹೇಳುತ್ತಾಳೆ. ಅವನು ಸುತ್ತಿಗೆ ನಿಲ್ಲಿಸಿ ಕೇಳಿ, ಗಡಿಯಾರವಿಲ್ಲದ ಮಣಿಕಟ್ಟು ಒಮ್ಮೆ ನೋಡಿಕೊಂಡು, "ಚೂರು ಉದ್ದ ಆಯ್ತು ಮೇಡಂ" ಅನ್ನುತ್ತಾನೆ. ಅವಳು ಒಪ್ಪಿ ಹೋಗುತ್ತಾಳೆ. "ಅವಳಿಗೆ ತೋಚಿಬಿಟ್ರೆ ಏನ್ ಮಾಡ್ತೀಯೋ?" ಎಂದು ಮಗ್ಗದಕ್ಕ ಗೋಡೆಯಾಚೆಯಿಂದ ಕೇಳುತ್ತಾಳೆ. "ಅಷ್ಟು ಒಳ್ಳೇ ಮಾತಾದ್ರೆ ನಾನೇ ಕಲಿತುಕೊಂಡು ಹೋಗ್ತೀನಿ" ಎಂದು ಅವನ ಉತ್ತರ.

ಚೀಟಿ ಅವಳ ಮೇಜಿನ ಎಡಗಡೆಯ ಎರಡನೇ ಖಾನೆಯಲ್ಲಿದೆ. ಸಹಿ ಇಲ್ಲ. ಮೂರನೇ ಅಂಕಣ ಖಾಲಿ. ಎರಡನೆಯದರಲ್ಲಿ ನಾಲ್ಕು ಸಾಲು: ಮಗು, ಬೆರಳು, ಕೊಕ್ಕೆ, ಒಂದು ಗೇಣು. ಮೊದಲನೆಯದರಲ್ಲಿ ಅಂದು ಅವನು ಕೂಗಿದ ಮಾತು, ಅವಳ ದುಂಡನೆಯ ಅಕ್ಷರದಲ್ಲಿ, ಒಂದಂಕಿಯೂ ಹೆಚ್ಚುಕಡಿಮೆಯಿಲ್ಲದೆ: ನಾನೂರ ಹತ್ತು ಡಿಗ್ರಿ.